ಮೀಟರಿನ ಮೇಲೆ ಲಕ್ಷ

ಗಡಿಯಾರ ರಿಪೇರಿ ಅಂತ ಬೋರ್ಡು ಹಾಕಿಕೊಂಡು ಕೂತವನ ಹತ್ತಿರ ಜನ ಗಡಿಯಾರವೊಂದು ಬಿಟ್ಟು ಉಳಿದಿದ್ದೆಲ್ಲ ತರುತ್ತಾರೆ. ರಾಯದುರ್ಗದ ಬಜಾರಿನಲ್ಲಿ, ಬೆಟ್ಟದ ನೆರಳು ಮಧ್ಯಾಹ್ನದ ಮೇಲೆ ಬಂದು ಬೀಳುವ ಕಡೆ ನನ್ನ ಅಂಗಡಿ. ಹೊಲಿಗೆ ಮಿಷನ್ನು, ಗ್ರಾಮಫೋನು, ಕೀಲಿ ಕಳೆದ ಬೀಗ, ಕುಂಟುವ ತಕ್ಕಡಿ, ಎಲ್ಲವೂ ನನ್ನ ಮೇಜಿನ ಮೇಲೆ ಕೂತು ಎದ್ದು ಹೋಗಿವೆ. “ಗೋಪಣ್ಣ, ನಿನಗ ಬರಲಾರದ್ದು ಏನೈತಿ?” ಅಂದುಬಿಟ್ಟರೆ ಮುಗಿಯಿತು, ನಾನು ಕರಗಿದೆ. ಹೊಗಳಿಕೆಗೆ ಬೀಳುವ ಈ ಚಟಕ್ಕೆ ನನ್ನನ್ನು ನಾನೇ ಬೈದುಕೊಳ್ಳದ ದಿನವಿಲ್ಲ.

ಆ ಬೇಸಿಗೆಯಲ್ಲಂತೂ ಕಣ್ಣೂ ಸೋತಿತ್ತು, ಸೊಂಟವೂ ಸೋತಿತ್ತು. ಹೊಸ ಗಿರಾಕಿ ಕಂಡರೆ ಮೈ ಉರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಓಬಳಮ್ಮನವರ ಡ್ರೈವರ್ ಮುದ್ದಪ್ಪ ಬಂದು, ಕಂಬಳಿ ತುಂಡಿನಲ್ಲಿ ಸುತ್ತಿದ್ದ ಕಾರಿನ ಮೀಟರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

ಓಬಳಮ್ಮನವರ ಕಾರನ್ನು ಅರಿಯದವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ. ಅವರ ಗಂಡ ಹೊನ್ನೂರಪ್ಪ ಕಂಬಳಿ ವ್ಯಾಪಾರಿ. ಬಳ್ಳಾರಿ ದಂಡಿನ ದೊರೆಯೊಬ್ಬ ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ವಾಪಸು ಹೋಗುವಾಗ ಮಾರಿದ ಕಾರನ್ನು ಕೊಂಡು ತಂದಿದ್ದರು. ಆಮೇಲೆ ಮಡಕಶಿರಾ, ಹೇಮಾವತಿ ಕಡೆಯ ಕುರಿ ಹಟ್ಟಿಗಳನ್ನೆಲ್ಲ ಅದರಲ್ಲೇ ಸುತ್ತಿ ಕಂಬಳಿ ತುಂಬಿಕೊಂಡು ಬರುತ್ತಿದ್ದರು. ಹಾಗೆ ಸುತ್ತುವಾಗಲೇ ಹೇಮಾವತಿ ಪಕ್ಕದ ಹಳ್ಳಿಯಿಂದ ಈ ಮುದ್ದಪ್ಪನನ್ನು ಕರೆತಂದು, ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿ ಡ್ರೈವರ್ ಮಾಡಿಕೊಂಡರು. ಹೊನ್ನೂರಪ್ಪ ಸತ್ತು ಆರೇಳು ವರ್ಷವಾಗಿತ್ತು. ವ್ಯಾಪಾರ ಮೈದುನರ ಪಾಲಾಗಿತ್ತು. ಮಕ್ಕಳಿಲ್ಲದ ಓಬಳಮ್ಮನವರಿಗೆ ಉಳಿದಿದ್ದು ಮನೆ, ಕಾರು, ಮುದ್ದಪ್ಪ.

ಆದರೂ ಆ ಕಾರು ಒಂದು ದಿನ ಸುಮ್ಮನೆ ನಿಂತಿದ್ದಿಲ್ಲ. ಶನಿವಾರ ನೇಮಕಲ್ಲು ಆಂಜನೇಯನ ಗುಡಿ, ಸೋಮವಾರ ಕಲ್ಯಾಣದುರ್ಗದ ತಂಗಿ ಮನೆ, ಹುಣ್ಣಿಮೆಗೆ ಹೇಮಾವತಿ ಸಿದ್ಧೇಶ್ವರ. ಈಯಮ್ಮನಿಗೆ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಅಂತ ಬಜಾರಿನಲ್ಲಿ ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೇನೆ.

“ಅಣ್ಣಾ, ಇದು ಓಡ್ಬೇಕು. ಎಂಗಾರ ಮಾಡಿ ಓಡಿಸ್ಕೊಡು” ಅಂದ ಮುದ್ದಪ್ಪ.

ಮೀಟರು ಅಂದರೆ ಒಂದೇ ದುಂಡು ಮುಖ. ಮೇಲೆ ವೇಗ ತೋರಿಸುವ ಮುಳ್ಳು. ಕೆಳಗೆ, ಕಾರು ಹುಟ್ಟಿದಾಗಿನಿಂದ ಓಡಿದ ಮೈಲಿಯ ಲೆಕ್ಕ ತೋರಿಸುವ ಸಾಲು ಕಿಂಡಿ. ಒಂದೊಂದು ಕಿಂಡಿಯ ಹಿಂದೆಯೂ ಅಂಕಿ ಬರೆದ ಒಂದೊಂದು ಗಾಲಿ. ಕಿಂಡಿಯಲ್ಲಿ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ನಲವತ್ತು ಅಂತ ಇತ್ತು.

“ಮುಳ್ಳು ಕೆಟ್ಟೈತೇನು?”

“ಇಲ್ಲ ಕಣಣ್ಣ. ಮುಳ್ಳು ಅಲ್ಲಾಡ್ತೈತೆ. ಮೈಲಿ ನಿಂತೋಗೈತೆ. ವರ್ಸದ ಮೇಲಾಯ್ತು. ಓಡಿಸ್ತಾ ಇದ್ರೆ ತಾನೇ ಕದಲ್ತೈತೇನೋ ಅಂತ ಓಡಿಸ್ತಾನೇ ಇದೀನಿ.”

“ಗಾಡಿ ಓಡ್ತೈತಿ, ಮುಳ್ಳು ಅಲ್ಲಾಡ್ತೈತಿ. ಮೈಲಿ ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀಯಪಾ?”

ಅವನು ನಗಲಿಲ್ಲ. ಕಿಂಡಿಯ ಗಾಜನ್ನು ಬೆರಳಿನಿಂದ ಒರೆಸಿದ. “ಇನ್ನ ಅರವತ್ತೇ ಮೈಲಿ ಇತ್ತಣ್ಣ. ಒಂದ್ಸಲ ಮಡಕಶಿರಾಕ್ಕೆ ಹೋಗಿದ್ರೆ ಲಕ್ಷ ಆಗೋದು. ಆಗ ನಾನು ಮನೆಗೋಗ್ಬೋದಿತ್ತು.”

ಮೈಲಿಗೂ ಮನೆಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಕೇಳಿದರೆ ಕಥೆ ಶುರುವಾಗುತ್ತದೆ, ಕಥೆ ಕೇಳುವ ತ್ರಾಣ ನನಗಿರಲಿಲ್ಲ. ಬಳ್ಳಾರಿಯ ಯಾವುದೋ ಷೆಡ್ಡಿನವರು ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಸಾಮಾನು ಸೀಮೆಯಿಂದ ಬರಬೇಕು ಅಂತ ಹಾಗೇ ವಾಪಸು ಕೊಟ್ಟರಂತೆ. “ನಿನಗೆ ಬರದೇ ಇರೋದು ಐತಾ ಗೋಪಣ್ಣ” ಅಂದ. ಅಲ್ಲಿಗೆ ನಾನು ಸಿಕ್ಕಿಬಿದ್ದೆ. ನಾಳೆ ಬಾ ಅಂದೆ.

ಬಿಚ್ಚಿ ನೋಡಿದರೆ ಅದು ಮೀಟರೋ ಕುರಿ ಹಟ್ಟಿಯೋ ತಿಳಿಯಲಿಲ್ಲ. ಅಷ್ಟು ವರ್ಷ ಕಂಬಳಿ ಹೊತ್ತ ಕಾರು, ಉಣ್ಣೆಯ ನವಿರು ಒಳಗೆಲ್ಲ ಹೊಕ್ಕು ಗ್ರೀಸಿನ ಜೊತೆ ಗಂಟು ಹಾಕಿಕೊಂಡಿತ್ತು. ಚಿಮಟದಿಂದ ಎಳೆದು ಎಳೆದು ಸೀಮೆಎಣ್ಣೆಯಲ್ಲಿ ತೊಳೆದೆ. ನಿಜವಾದ ಕೇಡು ಅದರ ಅಡಿಯಲ್ಲಿತ್ತು. ಗಾಲಿಗಳನ್ನು ತಿರುಗಿಸುವ ಒಂದು ಸಣ್ಣ ಹಲ್ಲುಚಕ್ರ, ಎರಕದ್ದು, ಬಿರುಕು ಬಿಟ್ಟು ತನ್ನ ಕಡ್ಡಿಯ ಮೇಲೆ ಸಡಿಲಾಗಿತ್ತು. ಕಡ್ಡಿ ತಿರುಗುತ್ತಿತ್ತು, ಚಕ್ರ ಇದ್ದಲ್ಲೇ ಇರುತ್ತಿತ್ತು. ಅದಕ್ಕೆ ಸೀಮೆಯಿಂದ ಏನೂ ಬರಬೇಕಾಗಿರಲಿಲ್ಲ. ಹಾಳಾದ ಅಲಾರಂ ಗಡಿಯಾರದ ಹಿತ್ತಾಳೆ ಕೊಳವೆಯಿಂದ ಒಂದು ಉಂಗುರ ಕೊಯ್ದು, ಕಾಯಿಸಿ, ಚಕ್ರದ ಕುತ್ತಿಗೆಗೆ ತೊಡಿಸಿದರೆ ಸಾಕು. ಆರಿದ ಮೇಲೆ ಉಂಗುರ ಬಿಗಿದುಕೊಂಡು ಬಿರುಕನ್ನು ಹಿಡಿಯುತ್ತದೆ.

ಮಾರನೇ ದಿನ ಮುದ್ದಪ್ಪ ಬಂದಾಗ ನಾನು ಅಂಕಿಯ ಗಾಲಿಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಒರೆಸುತ್ತಿದ್ದೆ. ಅವನು ಬಗ್ಗಿ ನೋಡಿದ. ತುಟಿ ಅಲ್ಲಾಡಿಸಿ ಎಣಿಸಿದ. ಮೇಜಿನ ಕೆಳಗೂ ಇಣುಕಿದ.

“ಇನ್ನೊಂದೆಲ್ಲಣ್ಣ?”

“ಯಾವ ಇನ್ನೊಂದು?”

“ಲಕ್ಷದ್ದು.”

“ಇರೋವು ಐದ ಗಾಲಿ ಮುದ್ದಪ್ಪ.”

“ಆರನೇದು ಆ ತಗಡಿನ ಹಿಂದೆ ಮುಚ್ಕಂಡಿರ್ತೈತೆ, ಒತ್ತು ಬಂದಾಗ ಆಚೆ ಬತ್ತೈತೆ ಅಂದ್ಕಂಡಿದ್ದೆ” ಅಂದ. ಕಿಂಡಿಗಳ ಎಡಗಡೆ ಒಂದು ಕಪ್ಪು ತಗಡು ಇತ್ತು. ತಿರುಗಿಸಿ ತೋರಿಸಿದೆ. ಹಿಂದೆ ಒಂದು ತಿರುಪುಮೊಳೆ ಬಿಟ್ಟರೆ ಏನೂ ಇರಲಿಲ್ಲ.

“ಒಂಬತ್ತೆಲ್ಲ ತಿರುಗಿ ಸೊನ್ನಿ ಆಗ್ತಾವು. ಐದು ಸೊನ್ನಿ. ಅಷ್ಟ” ಅಂದೆ. “ಲಕ್ಷ ಇದರಾಗ ಇಲ್ಲಪಾ. ಮಾಡಿದಾವ ಹಾಕೇ ಇಲ್ಲ.”

ಮುದ್ದಪ್ಪ ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ. ಆಗ ಅವನ ಮುಖ ನೋಡಿದೆ. ಅಷ್ಟು ವರ್ಷ ಊರೆಲ್ಲ ಕಾರಿನಲ್ಲಿ ತಿರುಗುವವನು ಅಂತ ನಾನು ಕರುಬಿದ್ದ ಮುಖ ಅದು. ಕಣ್ಣಿನ ಸುತ್ತ ಧೂಳು ಕೂತು ಗೆರೆಗಳೇ ಬೆಳ್ಳಗಾಗಿದ್ದವು. ನೋಯುವ ಸೊಂಟಕ್ಕೆ ಪಂಚೆಯನ್ನು ಬಿಗಿದು ಕಟ್ಟಿದ್ದ, ನನ್ನ ಹಾಗೆಯೇ. ಕೇಳಬಾರದು ಅಂತಿದ್ದರೂ ಕೇಳಿದೆ.

“ಯಜಮಾನ್ರಿಗೆ ಭಾಷೆ ಕೊಟ್ಟಿದ್ದೀನಿ” ಅಂದ. “ಸಾಯೋ ಒತ್ನಾಗೆ ನನ್ನ ಕರೆಸಿದ್ರು. ಮಾತು ಸರಿಯಾಗಿ ಹೊರಡ್ತಿರ್ಲಿಲ್ಲ. ಕೈ ಹಿಡ್ಕಂಡು ಅಂದ್ರು, ‘ಮುದ್ದಪ್ಪಾ, ಗಾಡಿ ಬಿಡಾದಾದ್ರ ಮೀಟರ್ ಮ್ಯಾಲ ಲಕ್ಷ ಇರಬೇಕು ನೋಡು.’ ಅವ್ರ ಕೈ ಮೇಲೆ ಕೈ ಹಾಕ್ದೆ. ಆವಾಗ ಎಪ್ಪತ್ತು ಸಾವ್ರ ಚಿಲ್ಲರೆ ಇತ್ತು. ಲಕ್ಷ ಆಗೋಗಂಟ ಬಿಡಾಕಿಲ್ಲ ಅಂತ ಮಾತು ಕೊಟ್ಮೇಲೆ ಬಿಟ್ಟೋಗಾಕಾಯ್ತದಾ?”

ನನ್ನ ಕೈಯಲ್ಲಿದ್ದ ಗಾಲಿ ಕೆಳಗೆ ಬಿತ್ತು. ಹುಡುಕುವ ನೆಪದಲ್ಲಿ ಮೇಜಿನ ಅಡಿ ತಲೆ ಹಾಕಿದೆ. ಎದ್ದರೆ ಮುಖ ತೋರಿಸಬೇಕಲ್ಲ.

ನಾನು ರಾಯದುರ್ಗದವನು, ಸತ್ತವರೂ ರಾಯದುರ್ಗದವರು. ನಮ್ಮ ಕಡೆ ಗಮನಕ್ಕೆ ಲಕ್ಷ ಅನ್ನುತ್ತೇವೆ. ಹಾಲಿನ ಮ್ಯಾಲೆ ಲಕ್ಷ ಇರಲಿ, ಲಕ್ಷ ಇಟ್ಟು ಓದು, ಇವನಿಗೆ ಕೆಲಸದ ಕಡೆ ಲಕ್ಷ ಇಲ್ಲ. ಇನ್ನು ಗಾಡಿ ಬಿಡುವುದು ಅಂದರೆ ಓಡಿಸುವುದು. ಆಗ ಮುದ್ದಪ್ಪ ಕಾರು ಬಿಡುತ್ತಿದ್ದ ವೇಗಕ್ಕೆ ಬಜಾರಿನ ಕೋಳಿಗಳು ಮಾಡು ಹತ್ತುತ್ತಿದ್ದವು. ಹೊನ್ನೂರಪ್ಪ ಹಿಂದೆ ಕೂತು ದಿನಾ ಬೈಯುತ್ತಿದ್ದರು. ಗಾಡಿ ಓಡಿಸುವುದಾದರೆ ವೇಗದ ಮುಳ್ಳಿನ ಮೇಲೆ ಗಮನ ಇರಲಿ, ಇಷ್ಟೇ ಅವರು ಹೇಳಿದ್ದು. ಸಾಯುವ ಮನುಷ್ಯ ತನ್ನ ಹೆಂಡತಿಯನ್ನು ಜೋಪಾನವಾಗಿ ಕರೆದುಕೊಂಡು ಹೋಗು ಅಂದ. ಇವನು ಗಾಡಿ ತೊರೆಯುವುದಾದರೆ ಮೀಟರಿನಲ್ಲಿ ನೂರು ಸಾವಿರ ಮೈಲಿ ಕಾಣಬೇಕು ಅಂತ ತಿಳಿದ.

ತಪ್ಪು ಅವನದು ಅಂತಲೂ ಹೇಳಲಾರೆ. ನನ್ನ ಕಾರು ಲಕ್ಷ ಮೈಲಿ ಓಡುವುದನ್ನು ನೋಡಿಯೇ ಸಾಯುತ್ತೇನೆ ಅಂತ ಹೊನ್ನೂರಪ್ಪ ಬಜಾರಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದುದು ನಮಗೆಲ್ಲ ಗೊತ್ತು. ಅದೇ ಮಾತು ಇವನ ತಲೆಯಲ್ಲಿ ಕೂತಿತ್ತು.

“ಮನ್ಯಾಗ ಯಾರದಾರ?” ಅಂತ ಕೇಳಿದೆ, ಏನಾದರೂ ಕೇಳಬೇಕಲ್ಲ ಅಂತ.

“ದೊಡ್ಡಕ್ಕ ಅಂತ, ನನ್ನೆಂಡ್ತಿ. ಒಬ್ಳೇ ಕುರಿ ನೋಡ್ಕತಾಳೆ. ಮಂಡಿ ಹಿಡ್ಕಂಡೈತೆ. ಅಮ್ಮಾವ್ರನ್ನ ಹೇಮಾವತಿಗೆ ಕರ್ಕಂಡೋದಾಗ ನಮ್ಮೂರು ಬಾಗಿಲ್ನಾಗೆ ನಿಲ್ಲಿಸ್ತೀನಿ. ಅವ್ಳು ರೋಡಿಗೆ ಬಂದು ನೀರು ಕೊಟ್ಟು ನಿಂತ್ಕತಾಳೆ. ಓದ್ಸಲ ಅಂದ್ಳು, ‘ಇನ್ಮೇಲೆ ಹಾರನ್ ಹೊಡ್ದು ಹೋಗು ಸಾಕು, ನನ್ ಕೈಲಿ ರೋಡಿಗಂಟ ಬರಾಕಾಗಲ್ಲ’ ಅಂತ.” ಒರೆಸಿಟ್ಟ ಗಾಲಿಯೊಂದನ್ನು ಬೆರಳಿನಿಂದ ಸರಿಸಿ, “ಸಿಟ್ಟಿಂದ ಅಂದಿದ್ರೆ ಬೇರೆ. ಸಿಟ್ಟೂ ಇರ್ಲಿಲ್ಲ” ಅಂದ.

ಹೇಳಿಬಿಡೋಣ ಅಂತ ಬಾಯಿ ತೆರೆದೆ. ಆ ಮಾತು ಕೊಡು ಅಂತ ನಿನ್ನನ್ನು ಯಾರೂ ಕೇಳಿರಲೇ ಇಲ್ಲ, ಮೂವತ್ತು ಸಾವಿರ ಮೈಲಿ ದಂಡ ಅಂತ ಯಾವ ಬಾಯಲ್ಲಿ ಹೇಳುವುದು? “ಮೀಟರು ರೆಡಿ ಮಾಡ್ತೀನಿ, ಮುಂದಿಂದು ಆಮ್ಯಾಲೆ ನೋಡಾಣ” ಅಂದು ಅವನನ್ನು ಕಳಿಸಿದೆ.

ಸಂಜೆ ಅಂಗಡಿಗೆ ಬೀಗ ಹಾಕಿ ಓಬಳಮ್ಮನವರ ಮನೆಗೆ ಹೋದೆ. ಅವರು ಮಂಚದ ಮೇಲೆ ಒರಗಿಕೊಂಡು, ಬೆನ್ನಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದರು.

“ಬರ್ರಿ ಗೋಪಣ್ಣ, ಕುಂದರ್ರಿ. ನಾಳೆ ಮತ್ತ ನೇಮಕಲ್ಲಿಗೆ ಹೋಗಬೇಕು ನೋಡ್ರಿ, ಅದಕ್ಕ ಈಗಿಂದ ಬೆನ್ನ ಸಜ್ಜು ಮಾಡಾಕತ್ತೀನಿ.”

“ಬೆನ್ನು ನೋಯ್ತಿದ್ರ ಯಾಕ ಹೋಗ್ತೀರಿ ಅಮ್ಮ?”

“ಇವನ ಸಲುವಾಗಿ” ಅಂದರು, ದನಿ ತಗ್ಗಿಸಿ. “ಮುದ್ದಪ್ಪ ದಿನಾ ಮುಂಜಾನೆ ಬಂದು ಬಾಗಿಲಾಗ ನಿಂದರತಾನ. ‘ಎಲ್ಲಿಗಾರ ಹೋಗಾನೇನಮ್ಮ?’ ಅಂತ ಕೇಳ್ತಾನ. ಆ ಮುಖ ನೋಡಿ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲ. ಅವನಿಗೆ ಈ ಕಾರು ಅಂದ್ರ ಜೀವ. ಯಜಮಾನ್ರು ಹೋದಾಗಲೇ ಮಾರತಿದ್ದೆ, ಮಡಕಶಿರಾದ ದೊಡ್ಡತಿಮ್ಮಪ್ಪ ಅವತ್ತಿಂದ ಕೇಳ್ತಾನ. ಮಾರಿದ್ರ ಇವನೇನು ಮಾಡಬೇಕು ಅಂತ ಇಟಗೊಂಡೀನಿ. ನನ್ನ ತಂಗಿ ಸೈತ, ಅಕ್ಕ ಬಂದ್ಲು ಅಂದ್ರ ಬಾಗಿಲು ಹಾಕ್ಕೊಳ್ಳಂಗ ಆಗ್ಯಾಳ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರು ಸುಸ್ತಾದ ಮನುಷ್ಯರು ಒಬ್ಬರಿಗಾಗಿ ಒಬ್ಬರು ಧೂಳು ಕುಡಿಯುತ್ತಾ ಊರೂರು ತಿರುಗಿದ್ದರು. ಎಲ್ಲವನ್ನೂ ಹೇಳಿದೆ. ಗಂಡನ ಕೊನೆಯ ಮಾತನ್ನು ಅವನು ಹೇಳಿದ ಹಾಗೆಯೇ ಹೇಳಿದೆ.

ಓಬಳಮ್ಮನವರು ಉಪ್ಪಿನ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡರು. “ನಾ ಅಲ್ಲೇ ಇದ್ದೆ ಗೋಪಣ್ಣ. ನನ್ನ ಮುಂದನ ಹೇಳಿದ್ರು. ನನಗ ಸರಿಯಾಗಿ ಕೇಳಿಸ್ತು, ಅವನಿಗೂ ಹಂಗ ಕೇಳಿಸೈತಿ ಅಂದ್ಕೊಂಡಿದ್ದೆ.” ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. “ಅವನಿಗೆ ಹೇಳಬ್ಯಾಡ್ರಿ. ಇಷ್ಟು ವರ್ಷ ತಪ್ಪು ತಿಳ್ಕೊಂಡು ದುಡಿದಿ ಅಂತ ತಿಳಿದ್ರ ಎದಿ ಒಡಕೊಂತಾನ. ಆ ಲಕ್ಷ ಆಗಲಿ. ಆದ ಮ್ಯಾಲೆ ಮನಿಗೆ ಹೋಗಲಿ.”

“ಮೀಟರಿನಾಗ ಲಕ್ಷ ಬರಂಗಿಲ್ಲಲ್ಲಮ್ಮ. ಐದು ಸೊನ್ನಿ ಬರ್ತಾವು.”

“ಸೊನ್ನಿ ಬರಲಿ. ನಾ ನೋಡ್ಕೊಂತೀನಿ.”

ಉಂಗುರ ತೊಡಿಸಿ, ಗಾಲಿಗಳನ್ನು ಇದ್ದ ಅಂಕಿಗೇ ಕೂಡಿಸಿ, ಮೀಟರನ್ನು ಕಾರಿಗೆ ಹಾಕಿಕೊಟ್ಟೆ. ಮೀಟರು ನಿಂತ ಮೇಲೆ ಓಡಿದ್ದಕ್ಕೆ ಅಂಕಿ ಒಂದಿಷ್ಟು ಮುಂದೆ ಇಡಲೇನು ಅಂತ ಮುದ್ದಪ್ಪನನ್ನು ಕೇಳಿದ್ದೆ. ಕಣ್ಣಿಗೆ ಕಾಣದಂಗೆ ಆಗಿದ್ದು ಲೆಕ್ಕಕ್ಕೆ ಬ್ಯಾಡ ಅಂದುಬಿಟ್ಟ. ಓಬಳಮ್ಮನವರು ಅವನನ್ನು ಕರೆದು, ಕಾರನ್ನು ದೊಡ್ಡತಿಮ್ಮಪ್ಪನಿಗೆ ಕೊಡುವುದಾಗಿಯೂ, ಮಡಕಶಿರಾಕ್ಕೆ ಅವನೇ ಬಿಟ್ಟುಕೊಂಡು ಬರಬೇಕೆಂದೂ ಹೇಳಿದರು. ಅವನು “ಅಲ್ಲಿಗೋಗೋವಷ್ಟೊತ್ತಿಗೆ ಸೊನ್ನೆ ಬತ್ತವೆ” ಅಂದ ಅಷ್ಟೆ. ಮೀಟರು ದಾರಿಯಲ್ಲಿ ಕೈಕೊಟ್ಟರೆ ಇರಲಿ ಅಂತ ನನ್ನನ್ನೂ ಎಳೆದುಕೊಂಡು ಹೊರಟರು. ಬೇಡ ಅನ್ನುವುದು ನನಗೆಲ್ಲಿ ಬರುತ್ತದೆ?

ಆ ರಸ್ತೆಯನ್ನು ರಸ್ತೆ ಅಂತ ಕರೆದವನಿಗೆ ಒಂದು ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಶಿಕ್ಷೆ ಕೊಡಬೇಕು. ಕಲ್ಯಾಣದುರ್ಗ ದಾಟುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಸೀಟಿನ ತುಂಬ ಕಂಬಳಿ ವಾಸನೆ. ಮುಂದೆ ಮುದ್ದಪ್ಪನ ಪಕ್ಕದಲ್ಲಿ ಓಬಳಮ್ಮನವರು ಎಲೆ ಅಡಿಕೆಯ ಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಎಲ್ಲರ ಕಣ್ಣೂ ಕಿಂಡಿಯ ಮೇಲೆ. ನನ್ನ ಹಿತ್ತಾಳೆ ಉಂಗುರ ಹಿಡಿದುಕೊಂಡಿತ್ತು, ಮೈಲಿ ಒಂದೊಂದಾಗಿ ಏರುತ್ತಿತ್ತು.

ಮಡಕಶಿರಾದ ಬೆಟ್ಟ ದೂರದಲ್ಲಿ ಕಾಣಿಸುವ ಹೊತ್ತಿಗೆ ಐದು ಒಂಬತ್ತು ಸಾಲಾಗಿ ನಿಂತವು. ಮುದ್ದಪ್ಪ ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದ. ಬಲಗಡೆಯ ಒಂಬತ್ತು ಕದಲಿತು, ಅದರ ಹಿಂದೆಯೇ ಉಳಿದವೂ ಒಟ್ಟಿಗೆ ಕದಲಿದವು. ಐದು ಸೊನ್ನೆ ಬಂದು ನಿಂತವು. ಅವನು ಬ್ರೇಕ್ ಹಾಕಿದ.

“ಇದೇ ಏನಮ್ಮ?” ಅಂದ. ಅಷ್ಟು ಬರಿದಾದ ದನಿ ನಾನು ಬೇರೆ ಯಾರದೂ ಕೇಳಿಲ್ಲ. “ಏನೂ ಓಡೇ ಇಲ್ಲ ಅನ್ನಂಗೈತಲ್ಲ.”

ಓಬಳಮ್ಮನವರು ಪೆಟ್ಟಿಗೆ ತೆರೆದರು. ಸುಣ್ಣದ ಕಾಯಿಯಲ್ಲಿ ತೋರುಬೆರಳು ಅದ್ದಿದರು. ಅವನ ಕಡೆ ಬಾಗಿ, ಸೊನ್ನೆಗಳ ಎಡಕ್ಕೆ, ಆ ಕಪ್ಪು ತಗಡಿನ ಮೇಲಿನ ಗಾಜಿಗೆ ‘೧’ ಅಂತ ಬರೆದರು. ಚಿಕ್ಕಂದಿನಲ್ಲಿ ಮಠದ ಮರಳಿನ ಮೇಲೆ ತಿದ್ದಿ ಕಲಿತ ಕನ್ನಡದ ಒಂದು, ದಪ್ಪಗೆ, ಬೆಳ್ಳಗೆ.

“ಯಜಮಾನ್ರ ಬದ್ಲಿ ನಾ ಹಾಕೀನಿ ಮುದ್ದಪ್ಪ. ಲಕ್ಷ ಆತು. ನಿನ್ನ ಮಾತು ತೀರ್ತು.”

ಅವನು ಅಂಕಿಯನ್ನು ಎಡದಿಂದ ಬಲಕ್ಕೆ ಓದಿದ. ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದು, ಹಾಗೇ ಕೈಯ ಮೇಲೆ ಹಣೆ ಇಟ್ಟುಕೊಂಡ. ಭುಜ ಅಲುಗುತ್ತಿತ್ತು. ನಾನು ಹೊರಗಿನ ಬಂಡೆಗಳನ್ನು ನೋಡುತ್ತಾ ಕೂತೆ. ಆ ಅಮ್ಮನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಮಡಕಶಿರಾದಲ್ಲಿ ದೊಡ್ಡತಿಮ್ಮಪ್ಪ ಕಾರಿನ ಸುತ್ತ ಎರಡು ಸುತ್ತು ಹಾಕಿ, ತೆಲುಗಿನಲ್ಲೊಂದು ಕನ್ನಡದಲ್ಲೊಂದು ಕೊಂಕು ತೆಗೆದು, ಕೀಲಿ ತೆಗೆದುಕೊಂಡ. ನಮಗೆ ರಾಯದುರ್ಗದ ಕಡೆ ಹೋಗುವ ಸರ್ವಿಸ್ ಬಸ್ಸು ಕಾಯುವುದಿತ್ತು. ಮುದ್ದಪ್ಪನಿಗೆ ಹೇಮಾವತಿಯ ದಾರಿ, ಸಿಕ್ಕರೆ ಎತ್ತಿನ ಗಾಡಿ, ಇಲ್ಲದಿದ್ದರೆ ನಡಿಗೆ. ಗಂಟು ಹೆಗಲಿಗೆ ಹಾಕಿಕೊಂಡ. ಓಬಳಮ್ಮನವರ ಕಾಲು ಮುಟ್ಟಿದ. ಅವನ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು, ಸುಳ್ಳಲ್ಲ.

“ಹೋಗಿ ಬಾರಪಾ” ಅಂದರು ಓಬಳಮ್ಮನವರು. ಅವನು ರಸ್ತೆಗೆ ಇಳಿದ. ಎದುರಿನಿಂದ ಒಂದು ಲಾರಿ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಹೆತ್ತ ಮಗನಿಗೆ ಕೂಗುವ ಹಾಗೆ, ಯೋಚನೆಯೇ ಇಲ್ಲದೆ, ಆಯಮ್ಮ ಕೂಗಿದರು. “ಮುದ್ದಪ್ಪಾ, ರಸ್ತಾ ಮ್ಯಾಲ ಲಕ್ಷ ಇರಲಿ!”

ನಾನು ಕಣ್ಣು ಮುಚ್ಚಿದೆ. ಕೂಗಿದ ಬಾಯಿಗೆ ಅವರು ಸೆರಗು ಒತ್ತಿಕೊಂಡರು, ಆದರೆ ಮಾತು ಹೋಗಿ ಮುಟ್ಟಿತ್ತು.

ಲಾರಿ ದಾಟಿಹೋಯಿತು. ಧೂಳು ಇಳಿದಾಗ ಮುದ್ದಪ್ಪ ರಸ್ತೆಯ ಅಂಚಿನಲ್ಲಿ ನಿಂತಿದ್ದ. ತಿರುಗಿ ನಿಧಾನವಾಗಿ ನಮ್ಮ ಹತ್ತಿರ ಬಂದ. ಓಬಳಮ್ಮನವರ ಮುಖ ನೋಡಿದ, ನನ್ನ ಮುಖ ನೋಡಿದ. ಇಬ್ಬರ ಮುಖದಲ್ಲೂ ಅವನಿಗೆ ಬೇಕಾದ್ದು ಬರೆದಿತ್ತು.

“ಯಜಮಾನ್ರು ಅವತ್ತು ಇಂಗೇ ಅಂದಿದ್ದಾ ಅಮ್ಮ?”

ಸುಳ್ಳು ಹೇಳಲಿ ಅಂತ ನಾನು ಬೇಡಿಕೊಂಡೆ. ಅವರು ಹೇಳಲಿಲ್ಲ. ಹೌದು ಅಂತ ತಲೆ ಆಡಿಸಿದರು.

ಮುದ್ದಪ್ಪ ಹೆಗಲಿನ ಗಂಟನ್ನು ಇಳಿಸಿ ನೆಲದ ಮೇಲಿಟ್ಟ. ದೊಡ್ಡತಿಮ್ಮಪ್ಪನ ಅಂಗಳದಲ್ಲಿ ನಿಂತ ಕಾರಿನ ಕಡೆ ಬಹಳ ಹೊತ್ತು ನೋಡಿದ. ಬೈದಿದ್ದರೆ, ಅತ್ತಿದ್ದರೆ ನಮಗೆ ಹಗುರಾಗುತ್ತಿತ್ತು.

“ನಮ್ ಕಡೆ ಅದಕ್ಕೆ ಗ್ಯಾನ ಅಂತೀವಿ ಕಣಮ್ಮ” ಅಂದ ಕೊನೆಗೆ. “ಗ್ಯಾನ ಇರ್ಲಿ ಅಂದಿದ್ರೆ ನಂಗೆ ತಿಳೀತಿತ್ತು.”

ಗಂಟು ಎತ್ತಿಕೊಂಡು ಮತ್ತೆ ಹೊರಟ. ರಸ್ತೆಯ ಬದಿ ಹಿಡಿದು, ಹಿಂದೆ ಮುಂದೆ ನೋಡಿಕೊಂಡು, ಬಹಳ ಜೋಪಾನವಾಗಿ ನಡೆಯುತ್ತಿದ್ದ.